ಐಸೊಪಾಡ್ ಫಿಟೋನಿಯಾ ತಿನ್ನುತ್ತಿವೆ, ಅರ್ಧ ಪೊರೆ ಬಿಟ್ಟು ಸಾಯುತ್ತಿವೆ: ಆಹಾರದಲ್ಲಿ ಏನು ಕೊರತೆ?

ಮುಲುಂಡ್ ಕಿಟಕಿ:

ಎಲ್ಲರಿಗೂ ನಮಸ್ಕಾರ. ವಿವರ ಮೊದಲೇ ಕೊಟ್ಟುಬಿಡುತ್ತೇನೆ.

ಗಾಜಿನ ತೊಟ್ಟಿ 60×30×45 ಸೆಂ.ಮೀ., ಮುಂದೆ ಬಾಗಿಲು, ಮೇಲೆ ಅರ್ಧದಷ್ಟು ಜಾಲರಿ. ಒಳಗೆ ಫಿಟೋನಿಯಾ, ಸಣ್ಣ ಜರಿಗಿಡ, ಮನಿ ಪ್ಲಾಂಟ್, ಒಂದು ಮೂಲೆಯಲ್ಲಿ ಪಾಚಿ. ಕಪ್ಪೆ, ಹಲ್ಲಿ ಯಾವುದೂ ಇಲ್ಲ. ಐಸೊಪಾಡ್ (ಕೊಳೆತ ಎಲೆ ತಿನ್ನುವ, ಚಿಪ್ಪಿನ ಮೈಯ ಪುಟ್ಟ ಪ್ರಾಣಿ) ಎರಡು ಬಗೆ: ಪೌಡರ್ ಆರೆಂಜ್ ಸುಮಾರು 60, ಜೀಬ್ರಾ 15. ಐದು ತಿಂಗಳಾಯಿತು.

ತಳದಲ್ಲಿ 5 ಸೆಂ.ಮೀ. ಕೋಕೋಪೀಟ್ ಮಾತ್ರ, ಮೇಲೆ ಒಂದು ಹಿಡಿ ಒಣ ಬಾದಾಮಿ ಎಲೆ. ದಿನ ಬಿಟ್ಟು ದಿನ ಸೌತೆಕಾಯಿ ಇಲ್ಲವೇ ಕ್ಯಾರೆಟ್ ಬಿಲ್ಲೆ, ವಾರಕ್ಕೆರಡು ಸಲ ಒಂದು ಚಮಚ ನೆನೆಸಿದ ಅವಲಕ್ಕಿ. ಸುಣ್ಣಕ್ಕೆ ಅಂತ ಶಾಲೆಯ ಸೀಮೆಸುಣ್ಣದ ತುಂಡು ಇಟ್ಟಿದೆ, ಯಾವುದೂ ಮುಟ್ಟುತ್ತಿಲ್ಲ. ದಿನಕ್ಕೊಮ್ಮೆ ತೊಟ್ಟಿಗೆಲ್ಲ ಸಮನಾಗಿ ನೀರು ಸಿಂಪಡಿಸುತ್ತೇನೆ. ರಾತ್ರಿ ಕೋಣೆಯಲ್ಲಿ ಎ.ಸಿ. ಇರುತ್ತದೆ.

ತೊಂದರೆಗಳು: ಫಿಟೋನಿಯಾದ ಎಲೆಗಳಲ್ಲಿ ತೂತು, ಪಾಚಿ ಬೋಳಾಗುತ್ತಿದೆ. ಒಂದೇ ತಿಂಗಳಲ್ಲಿ ಏಳೆಂಟು ಸತ್ತಿವೆ, ಹೆಚ್ಚಿನವು ಜೀಬ್ರಾ, ಹಿಂಭಾಗ ಬಿಳುಚಿಕೊಂಡು ಪೊರೆ ಅರ್ಧಕ್ಕೇ ನಿಂತಿರುತ್ತದೆ. ಅವಲಕ್ಕಿ ಸುತ್ತ ಹಿಟ್ಟು ಉದುರಿದ ಹಾಗೆ ಬಿಳಿ ನುಸಿ. ಜೀಬ್ರಾ ಮರಿ ಒಂದೂ ಕಂಡಿಲ್ಲ, ಪೌಡರ್ ಆರೆಂಜ್ ಮರಿ ಅಲ್ಲೊಂದು ಇಲ್ಲೊಂದು.

ನಮ್ಮದು ಸಸ್ಯಾಹಾರಿ ಮನೆ. ಒಣಮೀನು, ಒಣ ಸಿಗಡಿ ಬಾಗಿಲೊಳಗೆ ಬರುವ ಹಾಗಿಲ್ಲ. ಅದನ್ನು ಗಮನದಲ್ಲಿಟ್ಟು ಹೇಳಿ.

ತರಗೆಲೆ (ಡೊಂಬಿವಲಿ):

ನೀವು ಬಡಿಸುತ್ತಿರುವುದು ಬರೀ ಕೋಸಂಬರಿ. ಅನ್ನ ಎಲ್ಲಿದೆ? ಐಸೊಪಾಡ್‌ಗೆ ಅನ್ನ ಅಂದರೆ ಕೊಳೆಯುತ್ತಿರುವ ಎಲೆ ಮತ್ತು ಲಡ್ಡಾದ ಕಟ್ಟಿಗೆ. ಸೌತೆಕಾಯಿ ನೂರಕ್ಕೆ ಸುಮಾರು 95 ಪಾಲು ನೀರು. ಕೋಕೋಪೀಟನ್ನು ತಿನ್ನುತ್ತವೆ ನಿಜ, ಆದರೆ ಅದು ಲಿಗ್ನಿನ್ (ಮರಕ್ಕೆ ಗಟ್ಟಿತನ ಕೊಡುವ ವಸ್ತು) ತುಂಬಿದ ತೆಂಗಿನ ನಾರಿನ ಹೊಟ್ಟು, ಅದರಿಂದ ಮೈಗೆ ಹತ್ತುವುದು ಕಡಿಮೆ. ತೇವ ಹಿಡಿಯಲಿಕ್ಕೆ ಅದು ಚೆನ್ನ, ಅಷ್ಟೇ. ಹೊಟ್ಟೆ ತುಂಬದಿದ್ದಾಗ ಪಾಚಿ, ಎಳೆ ಚಿಗುರು, ಮಣ್ಣಿಗೆ ತಾಗಿದ ಮೆತ್ತನೆ ಎಲೆ, ಕೊನೆಗೆ ಪೊರೆ ಬಿಟ್ಟು ಮೆತ್ತಗಿರುವ ಜೊತೆಗಾರನ ಕಡೆಗೂ ತಿರುಗುತ್ತವೆ.

ಬಾದಾಮಿ ಎಲೆ ಇದೆಯಲ್ಲ ಅನ್ನಬಹುದು. ಒಣಗಿದ್ದನ್ನು ಹಾಗೇ ಹಾಕಿದರೆ ಎರಡು ಮೂರು ವಾರ ಅದರ ಕೆಳಗೆ ಅಡಗಿ ಕೂರುತ್ತವೆಯೇ ಹೊರತು ತಿನ್ನುವುದಿಲ್ಲ. ಅದರಲ್ಲಿ ಟ್ಯಾನಿನ್, ಅಂದರೆ ಒಗರು, ಜಾಸ್ತಿ. ಐಸೊಪಾಡ್ ಎಲೆಯನ್ನು ಎಷ್ಟು ತಿನ್ನುತ್ತದೋ ಎಲೆಯ ಮೇಲೆ ಬೆಳೆದ ಶಿಲೀಂಧ್ರ, ಬ್ಯಾಕ್ಟೀರಿಯಾಗಳನ್ನೂ ಅಷ್ಟೇ ತಿನ್ನುತ್ತದೆ. ಒಗರು ಇಳಿದು ಸೂಕ್ಷ್ಮಜೀವಿ ಹತ್ತಿದ ಎಲೆಯೇ ಅದರ ಆಯ್ಕೆ. ಕ್ರಮ ಹೀಗಿದೆ: ಕಂದು ಬಣ್ಣಕ್ಕೆ ತಿರುಗಿ ತಾನಾಗಿ ಬಿದ್ದ ಎಲೆ ಮಾತ್ರ ಆರಿಸಿ, ಹಸಿರು ಬೇಡ. ತೊಳೆದು ಅಗಲ ಪಾತ್ರೆಯಲ್ಲಿ 15 ನಿಮಿಷ ಕುದಿಸಿ. ಜೇಡ, ನುಸಿ, ಬಸವನಹುಳದ ಮೊಟ್ಟೆ ಎಲ್ಲ ಸಾಯುತ್ತವೆ, ಒಗರೂ ಅರ್ಧ ಇಳಿಯುತ್ತದೆ. ಚಹಾ ಬಣ್ಣದ ಆ ನೀರು ಚೆಲ್ಲಿ ಇನ್ನೆರಡು ದಿನ ಬಕೆಟ್ ನೀರಲ್ಲಿ ನೆನೆಹಾಕಿ, ದಿನಕ್ಕೊಮ್ಮೆ ನೀರು ಬದಲಿಸಿ. ನಂತರ ತೊಟ್ಟಿಯ ಹಳೆ ಮಣ್ಣು ಎರಡು ಹಿಡಿ ಬೆರೆಸಿ, ತೂತು ಮಾಡಿದ ಡಬ್ಬದಲ್ಲಿ ಎರಡು ವಾರ ತೇವವಾಗಿಡಿ. ಆಮೇಲೆ ಹಾಕಿದರೆ ಮೊದಲ ರಾತ್ರಿಯೇ ಕೊರೆಯಲು ಶುರು.

ಒಂದೇ ಮರದ ಎಲೆ ಸಾಲದು. ಮಳೆಮರ, ನುಗ್ಗೆಯಂಥ ಸಣ್ಣ ಎಲೆ ಬೇಗ ಕರಗುತ್ತವೆ, ಮರಿಗಳಿಗೆ ಸುಲಭ. ಹಲಸು, ಮಾವು, ಆಲ ನಿಧಾನ, ಹಾಗಾಗಿ ತಿಂಗಳುಗಟ್ಟಲೆ ಆಸರೆ. ಪೇರಳೆ, ಬಾದಾಮಿ ನಡುವಿನವು. ಬೇಗ ಕರಗುವವು ಕಾಲು ಭಾಗ, ಉಳಿದದ್ದು ಗಟ್ಟಿ ಎಲೆ ಇರಲಿ. ಆಲದ ಎಲೆಯ ಮೇಲ್ಪದರದ ಕೋಶಗಳಲ್ಲಿ ಸಿಸ್ಟೊಲಿತ್ ಎಂಬ ಸುಣ್ಣದ ಹರಳು ಇರುತ್ತದೆ, ಆದ್ದರಿಂದ ಜೀಬ್ರಾಗಳಿಗೆ ಅದನ್ನು ಸ್ವಲ್ಪ ಧಾರಾಳವಾಗಿಯೇ ಹಾಕಿ. ಬೇವು, ನೀಲಗಿರಿ, ಕಣಗಿಲೆ ಬೇಡವೇ ಬೇಡ. ಪೂಜೆಯ ನಿರ್ಮಾಲ್ಯದ ಚೆಂಡುಹೂವೂ ಬೇಡ, ಮಾರುಕಟ್ಟೆ ಹೂವಿಗೆ ಹೊಡೆದ ಔಷಧಿ ಏನೆಂದು ಯಾರಿಗೆ ಗೊತ್ತು.

ಹೆದ್ದಾರಿ ಪಕ್ಕದ ಎಲೆ ಎಷ್ಟು ತೊಳೆದರೂ ಬೇಡ. ಸೀಸ, ಕ್ಯಾಡ್ಮಿಯಂ, ಸತು, ತಾಮ್ರವನ್ನು ಐಸೊಪಾಡ್ ತನ್ನ ಜೀರ್ಣಗ್ರಂಥಿಯಲ್ಲಿ ಕೂಡಿಡುತ್ತದೆ. ಮಣ್ಣಿನ ಮಾಲಿನ್ಯ ಅಳೆಯಲು ವಿಜ್ಞಾನಿಗಳು ಇವನ್ನು ಬಳಸುವುದು ಅದಕ್ಕೇ. ಸೊಸೈಟಿಯ ಒಳಗಿನ ಮರ, ಔಷಧಿ ಹೊಡೆಯದ ಮರ ಹುಡುಕಿ. ಬೊರಿವಲಿ ರಾಷ್ಟ್ರೀಯ ಉದ್ಯಾನ ಹತ್ತಿರವಿದೆ ಎಂದು ಅಲ್ಲಿಂದ ಎಲೆ, ಕಟ್ಟಿಗೆ ತರಬೇಡಿ, ಅದು ಕಾನೂನುಬಾಹಿರ.

ಕಟ್ಟಿಗೆ ಅಂದರೆ ಬಿಳಿ ಲಡ್ಡು ಹಿಡಿದದ್ದು. ಅಂಥ ಶಿಲೀಂಧ್ರ ಲಿಗ್ನಿನ್ನನ್ನು ಒಡೆದು ಸೆಲ್ಯುಲೋಸನ್ನು ತೆರೆದಿಟ್ಟಿರುತ್ತದೆ. ಬೆರಳಲ್ಲಿ ಹಿಸುಕಿದರೆ ಸ್ಪಂಜಿನಂತೆ ಮುರಿಯಬೇಕು, ಬಣ್ಣ ತಿಳಿ, ವಾಸನೆ ಅಣಬೆಯದ್ದು. ಮಾವು, ಹಲಸು, ನುಗ್ಗೆಯ ಸತ್ತ ಕೊಂಬೆ ಆಗುತ್ತದೆ. ಬಣ್ಣ, ವಾರ್ನಿಷ್, ಗೆದ್ದಲು ಔಷಧಿ ಕಂಡ ಹಲಗೆ ಬೇಡ, ಪ್ಲೈವುಡ್ ಅಂತೂ ಬೇಡ. ಕುಕ್ಕರಿನಲ್ಲಿ ತೂಕ ಇಡದೆ ಅರ್ಧ ಗಂಟೆ ಹಬೆಯಲ್ಲಿಡಿ.

ಲೆಕ್ಕ: ನಿಮ್ಮ ತಳ 60×30, ದಪ್ಪ 6 ಸೆಂ.ಮೀ. ಹಿಡಿದರೆ ಸುಮಾರು 11 ಲೀಟರ್ ಮಿಶ್ರಣ ಬೇಕು. ಎಲೆಗೊಬ್ಬರ 4, ಪುಡಿ ಮಾಡಿದ ಲಡ್ಡು ಕಟ್ಟಿಗೆ 3, ಕೋಕೋಪೀಟ್ 2, ತೋಟದ ಮಣ್ಣು ಮತ್ತು ಮರಳು ಸೇರಿ 2 ಲೀಟರ್. ಮೇಲೆ 3–4 ಸೆಂ.ಮೀ. ತರಗೆಲೆ. ಕೋಕೋಪೀಟ್ ಇಟ್ಟಿಗೆಯಲ್ಲಿ ಉಪ್ಪು ಇರುವುದುಂಟು. ನೆನೆಸಿ ಹಿಂಡಿ ಮೂರು ಸಲ ನೀರು ಬದಲಿಸಿಯೇ ಬಳಸಿ. ಎಲೆಗೊಬ್ಬರ ಕೊಳ್ಳುವಾಗ ಯೂರಿಯಾ, ಬೇವಿನ ಹಿಂಡಿ ಬೆರೆಸಿದ್ದಾರಾ ಕೇಳಿ. ನರ್ಸರಿಯವರು ಬೇವಿನ ಹಿಂಡಿಯನ್ನು ಉಪಕಾರ ಮಾಡುವ ಹಾಗೆ ಸೇರಿಸಿರುತ್ತಾರೆ.

ಪ್ರೋಟೀನ್ ವಾರಕ್ಕೆರಡು ಸಲ ಸಾಕು. ಸಸ್ಯಾಹಾರಿ ಮನೆಗೆ ಸ್ಪಿರುಲಿನಾ ಮಾತ್ರೆಯ ಪುಡಿ, ಸೋಯಾ ಚಂಕ್ಸ್ ಮಿಕ್ಸಿಯಲ್ಲಿ ಪುಡಿ ಮಾಡಿದ್ದು, ಬಟನ್ ಅಣಬೆ ಚೂರು, ಚಿಟಿಕೆ ಒಣ ಯೀಸ್ಟ್. ಸೋಯಾದಲ್ಲಿ ಅರ್ಧದಷ್ಟು, ಸ್ಪಿರುಲಿನಾದಲ್ಲಿ ಅದಕ್ಕಿಂತ ಹೆಚ್ಚು ಪ್ರೋಟೀನ್ ಇದೆ. ನಿಮ್ಮ ಸಂಖ್ಯೆಗೆ ಒಂದು ಸಲಕ್ಕೆ ಕಾಲು ಚಹಾ ಚಮಚಕ್ಕಿಂತ ಕಡಿಮೆ. ಮಾಪನ ಒಂದೇ: ಮರುದಿನ ಅದೇ ಹೊತ್ತಿಗೆ ಉಳಿದಿದ್ದರೆ ಹಾಕಿದ್ದು ಹೆಚ್ಚಾಯಿತು. ಕಡಲೆಕಾಯಿ ಹಿಂಡಿ ಬೇಡ, ಮುಂಬೈ ಮಳೆಗಾಲದಲ್ಲಿ ಒಂದೇ ದಿನಕ್ಕೆ ಬೂಷ್ಟು. ಅವಲಕ್ಕಿ ಇವತ್ತೇ ನಿಲ್ಲಿಸಿ. ಅದು ಪಿಷ್ಟ, ನಿಮ್ಮ ತೊಟ್ಟಿಯಲ್ಲಿ ಅದರಿಂದ ಕೊಬ್ಬುತ್ತಿರುವುದು ನುಸಿ.

ಇನ್ನೊಂದು ಮಾತು. ಪೌಡರ್ ಆರೆಂಜ್ ಚುರುಕು, ತಿಂಡಿ ಬಿದ್ದ ಕೆಲವೇ ನಿಮಿಷಕ್ಕೆ ಮುತ್ತುತ್ತವೆ. ಜೀಬ್ರಾ ಬರುವಷ್ಟರಲ್ಲಿ ಎಲೆ ಎತ್ತಿಯಾಗಿರುತ್ತದೆ. ಒಂದೇ ಕಡೆ ಹಾಕದೆ ಮೂರು ಕಡೆ ಹಾಕಿ, ಒಂದು ಪಾಲನ್ನು ಜೀಬ್ರಾ ಅಡಗುವ ತೊಗಟೆಯ ಕೆಳಗೇ ತುರುಕಿ. ಸಾಧ್ಯವಿದ್ದರೆ ಜೀಬ್ರಾಗೆ ಬೇರೆ ಡಬ್ಬ ಮಾಡುವುದೇ ಸರಿ. ಎರಡನ್ನೂ ಒಟ್ಟಿಗೆ ಸಾಕಬಹುದು ಎಂದು ಮಾರುವವರು ಹೇಳುತ್ತಾರೆ, ವರ್ಷ ಕಳೆದರೆ ಉಳಿಯುವುದು ಪೌಡರ್ ಮಾತ್ರ.

ಕೋಥ್ರೂಡ್ ಕಪ್ಪುಮಣ್ಣು (ಪುಣೆ):

ತರಗೆಲೆಯವರು ಹೇಳಿದ್ದು ಖರೇ ಅದ. ನಾ ಪೊರಿ ವಿಷಯ ಅಷ್ಟ ಹೇಳ್ತೀನಿ.

ಐಸೊಪಾಡ್ ಅಂದ್ರ ಹುಳ ಅಲ್ರಿ, ಸಿಗಡಿ, ಏಡಿ ಬಳಗದ್ದು. ಚಿಪ್ಪಿನೊಳಗ ಕ್ಯಾಲ್ಸಿಯಂ ಕಾರ್ಬೊನೇಟ್ ಇರ್ತದ. ಪೊರಿ ಬಿಡೂದು ಎರಡು ಕಂತಿನ್ಯಾಗ: ಮೊದಲ ಹಿಂದಿನ ಅರ್ಧ, ಒಂದೆರಡು ದಿನ ಬಿಟ್ಟು ಮುಂದಿನ ಅರ್ಧ. ಹಿಂದಿನ ಅರ್ಧ ಕಳಚೂಕಿಂತ ಮೊದಲ ಹಳೇ ಚಿಪ್ಪಿನ ಸುಣ್ಣಾನ ಎಳಕೊಂಡು ಮುಂದಿನ ಹೊಟ್ಟಿ ಕೆಳಗ ಬಿಳಿ ಪಟ್ಟಿ ಮಾಡಿ ಇಟ್ಕೋತಾವ. ಹಿಂದಿನ ಹೊಸ ಚಿಪ್ಪು ಗಟ್ಟಿ ಆಗಾಕ ಅದನ್ನ ಖರ್ಚು ಮಾಡ್ತಾವ. ಆಮ್ಯಾಲ ಬಿಟ್ಟ ಪೊರಿ ತಿಂದು ಉಳಿದದ್ದನ್ನೂ ವಸೂಲಿ ಮಾಡ್ತಾವ. ಹಿಂಗಾಗಿ ಹಿಂದ ಬಿಳುಚಿ ಮುಂದ ಬಣ್ಣ ಇದ್ದದ್ದು ಕಂಡ್ರ ಅದು ರೋಗ ಅಲ್ಲ, ಕೆಲಸ ನಡದದ ಅಂತ ಅರ್ಥ. ಮುಟ್ಟಬ್ಯಾಡ್ರಿ, ಬಿಟ್ಟ ಪೊರಿ ಕಸ ಅಂತ ಆರಿಸಿ ಒಗೀಬ್ಯಾಡ್ರಿ.

ಸತ್ತದ್ದನ್ನ ಭೂತಗನ್ನಡಿಯೊಳಗ ನೋಡ್ರಿ. ಪೊರಿ ನಡಕ್ಕ ಬಿಗಿಯಾಗಿ ಸುತ್ತಿಕೊಂಡು ಸಿಕ್ಕಿದ್ರ ಹೆಚ್ಚಾಗಿ ತೇವ ಕಡಿಮಿ. ಪೊರಿ ಬಿಟ್ಟಾದ ಮ್ಯಾಲೂ ಚಿಪ್ಪು ಮೆತ್ತಗ ಉಳದಿದ್ರ ಸುಣ್ಣ ಕಡಿಮಿ. ಕಾಲು ಕಡದು ಹೊಟ್ಟಿ ಬಗದಿದ್ರ ಬ್ಯಾರೆ ಹಸಿದವು ತಿಂದಾವ, ಪ್ರೋಟೀನ್ ಕಡಿಮಿ. ಮೈ ಪೂರಾ ನೇರಳೆ-ನೀಲಿ ಹೊಳಪಿಗೆ ತಿರುಗಿದ್ರ ಅದು ವೈರಸ್, ಊಟದ ತಪ್ಪಲ್ಲ. ಅಂಥದ್ದನ್ನ ಕೂಡಲೇ ತಗದುಬಿಡ್ರಿ.

ನಿಮ್ಮಲ್ಲಿ ರಾತ್ರಿ ಎ.ಸಿ. ಹಚ್ಚತೀರಿ, ಮ್ಯಾಲೆ ಅರ್ಧ ಜಾಲರಿ. ನಮ್ಮ ಪುಣೇದಾಗ ಏಪ್ರಿಲ್‌ನ್ಯಾಗ ಎ.ಸಿ. ಇಲ್ಲದೇನೂ ಇದೇ ಗತಿ, ಸಂಜೀಮುಂದ ಮ್ಯಾಲಿನ ಎಲಿ ಹಪ್ಪಳ ಆಗಿರ್ತದ. ಇವು ಉಸಿರಾಡೂದು ಹೊಟ್ಟಿ ಕೆಳಗಿನ ಹಾಳೆಯಂಥ ಅಂಗದಿಂದ, ಅದು ಒದ್ದೀ ಇರಬೇಕು. ಹಂಗಂತ ತೊಟ್ಟಿ ತುಂಬ ಸಿಂಪಡಿಸಿದ್ರೂ ತಪ್ಪ. ಉದ್ದದ ಮೂರನೇ ಒಂದು ಭಾಗ ಒದ್ದಿ ಸ್ಫ್ಯಾಗ್ನಂ (ನೀರು ಹಿಡದಿಡೂ ಪಾಚಿ), ಅಲ್ಲಿ ನೇರ ನೀರು ಸುರೀರಿ, ಕೈಯಾಗ ಹಿಂಡಿದ್ರ ಒಂದೆರಡು ಹನಿ ಬರೂವಷ್ಟು. ಉಳದದ್ದು ಬರೇ ತಂಪು. ಜೀಬ್ರಾ ಮೂಲದಾಗ ದಕ್ಷಿಣ ಫ್ರಾನ್ಸ್‌ನದು, ಒಣ ಕಡೆ ಕೂತು ಪೊರಿ ಹೊತ್ತಿಗೆ ಒದ್ದಿ ಕಡೆ ಹೋಗೂ ಜಾತಿ. ಎರಡೂ ಕಡೆ ಅದಕ್ಕ ಬೇಕು. ಊಟಾನೂ ಒಣ ಕಡೆ ಇಡ್ರಿ, ಬೂಷ್ಟು ತಡದು ಬರ್ತದ.

ಇನ್ನ ಸೀಮೆಸುಣ್ಣ. ಈಗಿನ ಬಹಳಷ್ಟು ಸೀಮೆಸುಣ್ಣ ಜಿಪ್ಸಂ, ಅಂದ್ರ ಕ್ಯಾಲ್ಸಿಯಂ ಸಲ್ಫೇಟ್. ಮುಟ್ಟದಿದ್ದದ್ದು ಅವುಗಳ ಶಾಣ್ಯಾತನ. ಪರೀಕ್ಷಾ ಸರಳ ಅದ: ಪುಡಿ ಮ್ಯಾಲೆ ನಾಕು ಹನಿ ಲಿಂಬಿ ರಸ ಇಲ್ಲಾ ವಿನೆಗರ್ ಬಿಡ್ರಿ, ಬುರುಬುರು ನೊರಿ ಬಂದ್ರ ಕಾರ್ಬೊನೇಟ್. ಎಲಿ ಅಡಕಿ ಸುಣ್ಣ ಹಾಕಬ್ಯಾಡ್ರಿ, ಅದು ಹೈಡ್ರಾಕ್ಸೈಡ್, ಸುಡತದ. ಜಿರಳೆ ಚಾಕ್ ಮನ್ಯಾಗಿದ್ರ ಅದನ್ನ ಬ್ಯಾರೆ ಕೋಣಿಯೊಳಗ ಇಡ್ರಿ. ಅದರಾಗಿರೂದು ಕೀಟನಾಶಕ, ಹುಡುಗರು ಸುಣ್ಣ ಅಂತ ತಿಳದು ಒಂದು ಚೂರು ಹಾಕಿದ್ರ ತೊಟ್ಟಿ ಖಾಲಿ.

ಒಳ್ಳೇದು ಅಂದ್ರ ಕಟಲ್‌ಬೋನ್. ಕಟಲ್ ಮೀನು ಅನ್ನೂ ಸಮುದ್ರ ಪ್ರಾಣಿಯ ಒಳಚಿಪ್ಪು ಅದು, ಹಕ್ಕಿ ಅಂಗಡಿಯೊಳಗ ಸಿಗ್ತದ, ಗಂಧಿಗೆ ಅಂಗಡಿಯೊಳಗ ಸಮುದ್ರಫೇನ ಅಂದ್ರ ಅದನ್ನ ಕೊಡ್ತಾರ. ಗಟ್ಟಿ ಬೆನ್ನು ಕೆಳಗ ಮಾಡಿ, ಮೆತ್ತನ ಬದಿ ಮ್ಯಾಲೆ ಮಾಡಿ ಒಣ ಕಡೆ ಇಡ್ರಿ, ಆರು ತಿಂಗಳು ಬರ್ತದ. ನಮ್ಮ ಕಡೆ ಕಪ್ಪುಮಣ್ಣಿನ್ಯಾಗ ಸುಣ್ಣದ ಹರಳು ಸಿಗ್ತಾವ, ಕಂಕರ್ ಅಂತಾರಲ್ಲ, ಹೊಲದ್ದಾದ್ರ ಔಷಧಿ ಹೊಡದಿರ್ತಾರ, ಪಡದ ಭೂಮಿದು ತೊಳದು ಒಂದು ಹಿಡಿ ಹಾಕಿದ್ರ ಅದೂ ಚಲೋ. ಆದ್ರ ಕಪ್ಪುಮಣ್ಣನ್ನ ತಳಕ್ಕ ತುಂಬಬ್ಯಾಡ್ರಿ, ಒದ್ದಿ ಆದ್ರ ಅಂಟು, ಒಣಗಿದ್ರ ಇಟ್ಟಂಗಿ.

ಮಡಗಾಂವ್ ಮಳೆ:

ಪ್ರೋಟೀನ್ ವಿಷಯದಲ್ಲಿ ತರಗೆಲೆಯವರ ಜೊತೆ ನನ್ನದು ಸ್ವಲ್ಪ ತಕರಾರು. ಸೋಯಾ ತಿನ್ನುತ್ತವೆ, ಇಲ್ಲ ಅನ್ನುವುದಿಲ್ಲ. ಆದರೆ ಒಣ ಸಿಗಡಿ ಇವುಗಳದೇ ಬಂಧು: ಪ್ರೋಟೀನ್ ಜೊತೆಗೆ ಚಿಪ್ಪಿನ ಸುಣ್ಣ, ಅವುಗಳ ರಕ್ತಕ್ಕೆ ಬೇಕಾದ ತಾಮ್ರ ಎಲ್ಲ ಒಂದೇ ತುತ್ತಲ್ಲಿ. ಮುಂಬೈಯಲ್ಲಿ ಜವಳಾ, ಇಲ್ಲಿ ಗೋವಾದಲ್ಲಿ ಗಾಲ್ಮೊ. ಮುಲುಂಡ್‌ನವರ ಮನೆಗೆ ಆಗುವುದಿಲ್ಲ, ಸರಿ. ಬೇರೆ ಓದುಗರಿಗೆ ಬರೆಯುತ್ತಿದ್ದೇನೆ.

ಬಜಾರಿನ ಜವಳಾವನ್ನು ಹಾಗೇ ಹಾಕಬಾರದು. ಕಡಲಿನ ಉಪ್ಪೂ ಮರಳೂ ಅಂಟಿರುತ್ತದೆ, ಕೆಲವರು ಮೇಲಿಂದ ಉಪ್ಪು ಹಾಕಿಯೂ ಒಣಗಿಸುತ್ತಾರೆ. ಎರಡು ಚಮಚ ತೆಗೆದು ಅರ್ಧ ಗಂಟೆ ನೀರಲ್ಲಿಟ್ಟು, ನೀರು ಚೆಲ್ಲಿ, ಮತ್ತೆ ಅರ್ಧ ಗಂಟೆ. ಒಂದು ಸಿಗಡಿ ನಾಲಿಗೆಗೆ ಇಟ್ಟು ನೋಡಿ, ಉಪ್ಪು ತಾಗಿದರೆ ಮೂರನೇ ಸಲ. ಬಿಸಿಲಲ್ಲಿ ಗರಿಗರಿಯಾಗಿ ಒಣಗಿಸಿ ಬಾಟಲಿಯಲ್ಲಿಡಿ. ನೂರು ಐಸೊಪಾಡ್‌ಗೆ ವಾರಕ್ಕೆರಡು ಸಲ ಮೂರು ನಾಲ್ಕು ಸಿಗಡಿ ಸಾಕು. ಪುಡಿ ಮಾಡಬೇಡಿ: ಪುಡಿ ಎಲೆಗಳ ಸಂದಿಗೆ ಇಳಿದು ಕೊಳೆಯುತ್ತದೆ, ಇಡೀ ಸಿಗಡಿಯಾದರೆ ಉಳಿದದ್ದನ್ನು ಚಿಮಟದಲ್ಲಿ ಎತ್ತಬಹುದು. ಒಣ ಬೊಂಬಿಲ್ ಮೀನು ಬೇಡ, ಅದರ ಎಣ್ಣೆ ಕಮಟುತ್ತದೆ. ಮೇ ತಿಂಗಳ ಪುರುಮೆಂತ್ ಸಂತೆಯಲ್ಲಿ (ಮಳೆಗಾಲದ ದಾಸ್ತಾನಿನ ಸಂತೆ) ಕೊಂಡದ್ದು ಆಗಸ್ಟಿಗೆ ಮೆತ್ತಗಾದರೆ ಫ್ರೀಜರಿಗೆ ಹಾಕಿ.

ಮಳೆಗಾಲದ ನುಸಿ: ಮೊದಲು ಎಲ್ಲ ಪ್ರೋಟೀನ್, ತರಕಾರಿ ಹತ್ತು ದಿನ ಬಂದ್. ತರಗೆಲೆ ಇದ್ದರೆ ಐಸೊಪಾಡ್ ಸಾಯುವುದಿಲ್ಲ, ಹೆದರಬೇಡಿ. ರಾತ್ರಿ ಒಂದು ಬಾಟಲಿ ಮುಚ್ಚಳದಲ್ಲಿ ಕ್ಯಾರೆಟ್ ಸಿಪ್ಪೆ ಇಟ್ಟು, ಬೆಳಿಗ್ಗೆ ನುಸಿ ಮುತ್ತಿದ ಮೇಲೆ ಐಸೊಪಾಡ್ ಕೊಡವಿ, ಮುಚ್ಚಳ ಸಮೇತ ಕುದಿಯುವ ನೀರಿಗೆ. ಐದಾರು ರಾತ್ರಿ ಮಾಡಿದರೆ ಅರ್ಧಕ್ಕಿಳಿಯುತ್ತದೆ. ಜೊತೆಗೆ ಗಾಳಿ ಆಡಲಿ. ಐಸೊಪಾಡ್ ಮೂತ್ರ ಮಾಡುವ ಬದಲು ಅಮೋನಿಯಾವನ್ನು ಅನಿಲವಾಗಿಯೇ ಬಿಡುತ್ತದೆ, ಮುಚ್ಚಿದ ತೊಟ್ಟಿಯಲ್ಲಿ ಅದು ನಿಲ್ಲುತ್ತದೆ. ಬಾಗಿಲು ತೆಗೆದಾಗ ಮೂಗಿಗೆ ಕಾರ ಬಡಿದರೆ ಊಟ ಜಾಸ್ತಿ, ಗಾಳಿ ಕಡಿಮೆ. ಕಾಡುಮಣ್ಣಿನ ವಾಸನೆ ಬಂದರೆ ಸರಿ. ಸ್ಪ್ರಿಂಗ್‌ಟೇಲ್ (ಬೂಷ್ಟು ತಿನ್ನುವ, ಜಿಗಿಯುವ ಪುಟ್ಟ ಜೀವಿ) ಇಲ್ಲದಿದ್ದರೆ ಒಂದು ಡಬ್ಬ ತಂದು ಬಿಡಿ, ನುಸಿ ತಿನ್ನುವ ಬೂಷ್ಟನ್ನು ಅವೇ ಮೊದಲು ಮುಗಿಸುತ್ತವೆ.

ಎಲೆ ಬಗ್ಗೆ ನಮ್ಮ ಕಡೆಯವರಿಗೆ ಒಂದು ಎಚ್ಚರಿಕೆ. ಅಡಿಕೆ ತೋಟದ ಅಂಚಿನ ಹಲಸು, ಮಾವಿನ ಎಲೆ ಬೇಡ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೊ ದ್ರಾವಣದಲ್ಲಿ ಮೈಲುತುತ್ತ ಇದೆ. ತಾಮ್ರ ಬೇಕು ಅಂದೆ, ಅಷ್ಟೊಂದು ಬೇಡ. ನಮ್ಮ ಜಂಬಿಟ್ಟಿಗೆ ಮಣ್ಣು ಹುಳಿ, ಸುಣ್ಣ ಇಲ್ಲದ್ದು. ಅದನ್ನು ತಳಕ್ಕೆ ಬಳಸಿದರೆ ತಿಸ್ರ್ಯೊ (ಮರುವಾಯಿ) ಚಿಪ್ಪು ಕುದಿಸಿ ತೊಳೆದು ಕುಟ್ಟಿ ಲೀಟರಿಗೆ ಒಂದು ಚಮಚದಂತೆ ಬೆರೆಸಿ. ಇನ್ನು ಘಟ್ಟದಲ್ಲಿ ಮುಟ್ಟಿದರೆ ಗೋಲಿಯಂತೆ ಸುತ್ತಿಕೊಳ್ಳುವ ದಪ್ಪ ಪ್ರಾಣಿ ಕಂಡು ದೈತ್ಯ ಐಸೊಪಾಡ್ ಅಂತ ಹಿಡಿದು ತರುವವರಿದ್ದಾರೆ. ಅದು ಸಹಸ್ರಪದಿ. ಕಾಲು ಎಣಿಸಿ: ಬೆಳೆದ ಐಸೊಪಾಡ್‌ಗೆ ಏಳೇ ಜೊತೆ. ಅದನ್ನು ಕಾಡಲ್ಲೇ ಬಿಡಿ. ಹಾಗೆಯೇ ತೊಟ್ಟಿಯ ಹಳೆ ಮಣ್ಣನ್ನು ಬಿಸಿಲಲ್ಲಿ ಪೂರ್ತಿ ಒಣಗಿಸದೆ ತೋಟಕ್ಕೆ ಚೆಲ್ಲಬೇಡಿ, ಪರದೇಶದ ಜಾತಿ ಹೊರಗೆ ಹೋಗಬಾರದು.

ಮುಲುಂಡ್ ಕಿಟಕಿ:

ತುಂಬಾ ಉಪಕಾರವಾಯಿತು. ಮೂರು ಸಂಶಯ ಉಳಿದಿವೆ. ಒಂದು, ರಂಗೋಲಿ ಪುಡಿಗೆ ಲಿಂಬೆ ರಸ ಬಿಟ್ಟರೆ ನೊರೆ ಬರುತ್ತಿದೆ, ಅದನ್ನೇ ಹಾಕಬಹುದೇ? ಎರಡು, ತಳ ಬದಲಿಸುವಾಗ ಇದ್ದವನ್ನೆಲ್ಲ ಆರಿಸಿ ತೆಗೆಯಬೇಕೇ, ಮರಿಗಳು ಕಣ್ಣಿಗೇ ಕಾಣುವುದಿಲ್ಲ. ಮೂರು, ತರಕಾರಿ ಪೂರ್ತಿ ನಿಲ್ಲಿಸಬೇಕೇ? ಮೊಟ್ಟೆ ಚಿಪ್ಪು ಪಕ್ಕದ ಮನೆಯಿಂದ ತರಬಹುದು, ಅದಕ್ಕೆ ಮನೆಯಲ್ಲಿ ಒಪ್ಪಿಗೆ ಸಿಕ್ಕಿದೆ.

ತರಗೆಲೆ (ಡೊಂಬಿವಲಿ):

ರಂಗೋಲಿ ಬೇಡ. ಕೆಲವದರಲ್ಲಿ ಸುಣ್ಣಕಲ್ಲಿನ ಪುಡಿ, ಕೆಲವದರಲ್ಲಿ ಬರೀ ಬೆಣಚುಕಲ್ಲು, ಜೊತೆಗೆ ಇನ್ನೇನು ಬೆರೆಸಿದ್ದಾರೆಂದು ಪೊಟ್ಟಣದ ಮೇಲೆ ಬರೆಯುವುದಿಲ್ಲ. ನೊರೆ ಬಂತೆಂದರೆ ಕಾರ್ಬೊನೇಟ್ ಇದೆ ಎಂದಷ್ಟೇ ಅರ್ಥ, ಬೇರೇನೂ ಇಲ್ಲ ಎಂದಲ್ಲ. ಮೊಟ್ಟೆ ಚಿಪ್ಪು ಸಿಗುವುದಾದರೆ ಅದೇ ಸಾಕು, ಅದರಲ್ಲಿ ನೂರಕ್ಕೆ ಸುಮಾರು 95 ಕ್ಯಾಲ್ಸಿಯಂ ಕಾರ್ಬೊನೇಟ್. ಹತ್ತು ನಿಮಿಷ ಕುದಿಸಿ, ಒಳಪೊರೆ ಸುಲಿದು, ಒಣಗಿಸಿ, ರವೆಯ ಹದಕ್ಕೆ ಪುಡಿ ಮಾಡಿ. 11 ಲೀಟರ್ ಮಿಶ್ರಣಕ್ಕೆ ಅರ್ಧ ಕಪ್ ಬೆರೆಸಿ, ಒಂದು ಚಿಟಿಕೆಯನ್ನು ತಿಂಗಳಿಗೊಮ್ಮೆ ಎಲೆಯ ಮೇಲೆ ಉದುರಿಸಿ. ಕಟಲ್‌ಬೋನ್ ಬೇರೆ ಇರಲಿ.

ತಳವನ್ನು ಒಮ್ಮೆಗೇ ಬದಲಿಸಬೇಡಿ. ಆ ಕಪ್ಪು ಅಕ್ಕಿಕಾಳಿನಂಥ ಹಿಕ್ಕೆ ಇದೆಯಲ್ಲ, ಅದೂ ಊಟ. ಸೂಕ್ಷ್ಮಜೀವಿ ಬೆಳೆದ ಹಿಕ್ಕೆಯನ್ನು ಮತ್ತೆ ತಿನ್ನುತ್ತವೆ. ಮರಿಗಳು ಅದರಿಂದಲೇ ಹೊಟ್ಟೆಯ ಜೀವಾಣುಗಳನ್ನು ಪಡೆಯುತ್ತವೆ. ಪ್ರತಿ ತಿಂಗಳು ಅಚ್ಚುಕಟ್ಟಾಗಿ ತೊಳೆದಿಡುವವರ ತೊಟ್ಟಿಯಲ್ಲಿ ಮರಿ ನಿಲ್ಲದಿರುವುದಕ್ಕೆ ಇದೂ ಕಾರಣ.

ಹೀಗೆ ಮಾಡಿ. ತೊಟ್ಟಿಯ ಎಡ ಅರ್ಧದಲ್ಲಿ ಗಿಡದ ಬೇರು ಬಿಟ್ಟು ಉಳಿದ ಕೋಕೋಪೀಟನ್ನು ಚಮಚದಿಂದ ತೆಗೆದು ಒಂದು ಅಗಲ ಟ್ರೇಗೆ ಹರಡಿ. ಕಾಣುವ ದೊಡ್ಡವನ್ನು ಮೆತ್ತನೆ ಕುಂಚದಿಂದ ತಳ್ಳಿ ಬಲಕ್ಕೆ ಬಿಡಿ, ಬೆರಳಿಂದ ಹಿಡಿದರೆ ಪೊರೆ ಬಿಡುತ್ತಿರುವವು ಒಡೆಯುತ್ತವೆ. ಎಡಕ್ಕೆ ಹೊಸ ಮಿಶ್ರಣ ತುಂಬಿ ಎಲೆ ಹೊದಿಸಿ. ತೆಗೆದ ಕೋಕೋಪೀಟನ್ನು ಎಸೆಯಬೇಡಿ. ಡಬ್ಬದಲ್ಲಿ ತೇವವಾಗಿಟ್ಟು, ಮಧ್ಯೆ ಅಣಬೆ ಚೂರು ಹುಗಿದರೆ ಉಳಿದ ಮರಿಗಳು ಎರಡು ಮೂರು ದಿನಕ್ಕೆ ಅದರ ಕೆಳಗೆ ಸೇರುತ್ತವೆ, ಹಾಗೇ ಎತ್ತಿ ತೊಟ್ಟಿಗೆ ಹಾಕಿ. ಬಲ ಅರ್ಧದ ಸರದಿ ಆರು ವಾರದ ನಂತರ. ಕೆಳಗೆ ನೀರಿಳಿಯಲು ಕಲ್ಲಿನ ಪದರ ಇದ್ದರೆ ಅದರ ಮೇಲಿನ ಬಲೆ ಅಂಚಿಗೆ ಅಂಟಿಕೊಂಡಿದೆಯೇ ನೋಡಿ. ಸಂದಿಯಿದ್ದರೆ ಇಳಿದು ಮುಳುಗುತ್ತವೆ.

ತರಕಾರಿ ಪೂರ್ತಿ ನಿಲ್ಲಿಸಬೇಕಿಲ್ಲ. ವಾರಕ್ಕೊಮ್ಮೆ ಎರಡು ರೂಪಾಯಿ ನಾಣ್ಯದಷ್ಟು ಕ್ಯಾರೆಟ್, ಸಿಹಿಗುಂಬಳ ಅಥವಾ ಗೆಣಸು, ಸಿಪ್ಪೆ ತೆಗೆದು. 24 ಗಂಟೆಗೆ ಎತ್ತಿಬಿಡಿ, ಮಳೆಗಾಲದಲ್ಲಿ 12. ಪಾಲಕ್ ಬೇಡ, ಅದರ ಆಕ್ಸಲೇಟ್ ಸುಣ್ಣವನ್ನು ಕಟ್ಟಿಹಾಕುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಅಡುಗೆಯಾದ ಯಾವುದೂ ಬೇಡ.

ಎಲೆಯಲ್ಲಿ ನರಗಳಷ್ಟೇ ಉಳಿದು ಬಲೆಯಂತೆ ಕಂಡರೆ ಹೊಸ ಎಲೆ ಹಾಕಲು ಆಗಲೇ ತಡವಾಗಿದೆ. ಪದರ 3 ಸೆಂ.ಮೀ.ಗಿಂತ ಇಳಿಯುವ ಮೊದಲೇ ಸೇರಿಸುತ್ತಿರಿ. ಪೌಡರ್ ಆರೆಂಜ್ ಒಂದು ತಿಂಗಳಲ್ಲಿ ಚೇತರಿಸಿಕೊಳ್ಳುತ್ತವೆ. ಜೀಬ್ರಾ ಹೊಟ್ಟೆಚೀಲದಲ್ಲಿ ಮರಿ ಹೊತ್ತು ಬಿಡುವುದು ನಿಧಾನ, ಎರಡು ಮೂರು ತಿಂಗಳ ಲೆಕ್ಕ ಹಿಡಿಯಿರಿ.

ಘಾಟ್ಕೋಪರ್ ಗ್ಯಾಲರಿ:

ಆಹಾರಕ್ಕೆ ನೇರ ಸಂಬಂಧ ಇಲ್ಲ, ಆದರೂ ಸೇರಿಸುತ್ತೇನೆ. ಸೊಳ್ಳೆಗೆ ಪಾಲಿಕೆಯ ಹೊಗೆ ಬಿಡುವ ದಿನ ಕಿಟಕಿ ಹಾಕಿ, ತೊಟ್ಟಿಯ ಜಾಲರಿಯ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಎರಡು ಮೂರು ಗಂಟೆ ಬಿಡಿ. ಸೊಳ್ಳೆಗೆ ಬಳಸುವ ಪೈರೆಥ್ರಾಯ್ಡ್ ಎಂಬ ಬಗೆಯ ಔಷಧಿಗಳು ಕೀಟಕ್ಕಿಂತ ಕಡಿಮೆಯೇನಲ್ಲದಂತೆ ಸಿಗಡಿ ಬಳಗವನ್ನೂ ಕೊಲ್ಲುತ್ತವೆ. ಅದೇ ಕೋಣೆಯಲ್ಲಿ ಸೊಳ್ಳೆ ಬತ್ತಿ, ಪ್ಲಗ್ಗಿಗೆ ಹಾಕುವ ದ್ರವ, ಜಿರಳೆ ಸ್ಪ್ರೇ ಮೂರೂ ಬೇಡ, ಬ್ಯಾಟ್ ಇಟ್ಟುಕೊಳ್ಳಿ. ಹೊಗೆ ಬಿಟ್ಟ ವಾರ ಸೊಸೈಟಿ ಮರದ ಎಲೆಯನ್ನೂ ಆರಿಸಬೇಡಿ, ನಾಲ್ಕು ಜೋರು ಮಳೆ ಹೋಗಲಿ. ಒಣಗಾಲದಲ್ಲಿ, ಚಳಿ ಮುಗಿಯುವ ಹೊತ್ತಿಗೆ, ಬಾದಾಮಿ ಮರ ಕೆಂಪಾಗಿ ಎಲೆ ಉದುರಿಸುತ್ತದೆ. ಆಗ ಒಂದು ಗೋಣಿ ತುಂಬಿ ಒಣಗಿಸಿಟ್ಟರೆ ಮಳೆಗಾಲದ ಚಿಂತೆಯೇ ಇಲ್ಲ. ನಲ್ಲಿ ನೀರನ್ನು ಒಂದು ರಾತ್ರಿ ತೆರೆದಿಟ್ಟು ಬಳಸಿ, ಕ್ಲೋರಿನ್ ಹೋಗುತ್ತದೆ.

ಮುಲುಂಡ್ ಕಿಟಕಿ:

ಟಾರ್ಚಿಗೆ ಕೆಂಪು ಹಾಳೆ ಕಟ್ಟಿ ರಾತ್ರಿ 11ಕ್ಕೆ ನೋಡಿದೆ. ಪಾಚಿಯ ಮೇಲೆ ಪೌಡರ್ ಆರೆಂಜ್ ಸಾಲು ಸಾಲು. ಫಿಟೋನಿಯಾ ಮೇಲೆ ಮಾತ್ರ ಅವು ಇಲ್ಲ, ಸಾಸಿವೆಗಿಂತ ಸ್ವಲ್ಪ ದೊಡ್ಡ ಬಸವನಹುಳ ಮೂರು ಇವೆ!

ಕೋಥ್ರೂಡ್ ಕಪ್ಪುಮಣ್ಣು (ಪುಣೆ):

ನರ್ಸರಿ ಕುಂಡದ ಮಣ್ಣಿನ ಜೋಡಿ ಬಂದಾವ. ಎಲಿ ನಡುವ ತೂತು, ಒಣಗಿದ ಲೋಳೆಯ ಬೆಳ್ಳಿಗೆರಿ ಇದ್ರ ಅವುಗಳ ಕೆಲಸ. ಐಸೊಪಾಡ್ ಮಣ್ಣಿಗೆ ತಾಗಿದ ಎಲೀನ ಅಂಚಿನಿಂದ ಕೊರೀತಾವ. ಬಸವನಹುಳದ ಗುಳಿಗಿ ಹಾಕಬ್ಯಾಡ್ರಿ, ತಾಮ್ರದ ಪಟ್ಟಿನೂ ಬ್ಯಾಡ. ಆಲೂಗಡ್ಡಿ ದಪ್ಪ ಬಿಲ್ಲಿ ಮಾಡಿ ಫಿಟೋನಿಯಾ ಬುಡಕ ಸಂಜೀಮುಂದ ಬೋರಲು ಇಡ್ರಿ, ಬೆಳಿಗ್ಗೆ ಎಬ್ಬಿಸಿ ಕೆಳಗ ಕೂತದ್ದನ್ನ ಆರಿಸ್ರಿ. ಮೊಟ್ಟಿ ಒಡದು ಹೊಸವು ಬರ್ತಾನ ಇರ್ತಾವ, ಅದಕ್ಕ ಮೂರು ವಾರ ಬಿಡದಂಗ ಮಾಡಬೇಕು. ಇನ್ನೊಂದು, ಅವೂ ಸುಣ್ಣದ ಗಿರಾಕಿನ. ಕಟಲ್‌ಬೋನ್ ಮ್ಯಾಲೆ ಅರದಿಂದ ತಿಕ್ಕಿದಂಗ ನುಣ್ಣನ ಗೀರು ಕಂಡ್ರ ಬಸವನಹುಳ ತಿಂದಾವ, ಅಂಚು ಚಿಲ್ಲರ ಚಿಲ್ಲರ ಕಡದಂಗಿದ್ರ ನಿಮ್ಮ ಜೀಬ್ರಾ ತಿಂದಾವ ಅಂತ ತಿಳೀರಿ.